ಇಪ್ಪತ್ತು ಹೆಸರುಗಳ ನೆನಪು

ಬಸವನಗುಡಿಯ ಹಳೆಯ ಮನೆಯೊಂದರ ನಡುಮನೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇದೆ. ಹಗಲು ಹೊತ್ತಿನಲ್ಲಿ ಅದು ಆ ಮನೆಯ ಗೃಹಸ್ಥರ ಉದ್ಯೋಗಕ್ಕೆ ಮೀಸಲು. ಅವರು ತಂತ್ರಾಂಶ ಬರೆಯುವವರು. ವಯಸ್ಸು ಐವತ್ತೈದನ್ನು ದಾಟಿದೆ. ರಾತ್ರಿ ಊಟ ಮುಗಿದು ಮನೆಯವರೆಲ್ಲ ತಮ್ಮ ತಮ್ಮ ಕೋಣೆ ಸೇರಿದ ಮೇಲೆ ಅದೇ ಯಂತ್ರಕ್ಕೆ ಬೇರೊಂದು ಕೆಲಸ ಆರಂಭವಾಗುತ್ತದೆ. ತೀರ್ಥಹಳ್ಳಿಯ ಸೀಮೆಯಲ್ಲಿ ಮೂವತ್ತು ವರ್ಷ ಶಾಲೆಯ ಉಪಾಧ್ಯಾಯರಾಗಿದ್ದು ಕಾಲವಾದ ಅವರ ತಂದೆ ಏಳು ನೋಟುಪುಸ್ತಕಗಳ ತುಂಬ ತಮ್ಮ ಜೀವನದ ಸಂಗತಿಗಳನ್ನು ಬರೆದಿಟ್ಟು ಹೋಗಿದ್ದರು. ಕಾಗದ ಹಳದಿಯಾಗಿದೆ, ಮಸಿ ಮಾಸಿದೆ. ಆ ಬರಹ ಪೂರ್ತಿ ಅಳಿಸಿಹೋಗುವ ಮುನ್ನ ದಿನಕ್ಕೊಂದು ಪುಟದಂತೆ ಬೆರಳಚ್ಚು ಮಾಡಿ ಉಳಿಸಬೇಕೆಂಬುದು ಮಗನ ಸಂಕಲ್ಪ.

ಆ ಸಂಕಲ್ಪಕ್ಕೆ ಇನ್ನೊಂದು ಕಾರಣವೂ ಇತ್ತು. ಮನೆಯಲ್ಲಿ ಎಂಬತ್ತೆರಡು ವರ್ಷದ ತಾಯಿ ಇದ್ದಾರೆ. ಕಣ್ಣಿನ ಬೆಳಕು ಕುಂದಿದೆ. ಓದುವುದು ಅವರಿಂದ ಆಗದು. ಭಾನುವಾರ ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ವಾರದ ಏಳು ಪುಟಗಳನ್ನು ಮಗ ಓದಬೇಕು, ತಾಯಿ ಕೇಳಬೇಕು. ಬೆಳಿಗ್ಗೆ ತಿಂದ ತಿಂಡಿ ಯಾವುದೆಂಬುದು ಮಧ್ಯಾಹ್ನದ ಹೊತ್ತಿಗೆ ಅವರಿಗೆ ನೆನಪಿರುವುದಿಲ್ಲ. ಆದರೆ ಅರವತ್ತು ವರ್ಷಗಳ ಹಿಂದೆ ಕೊಟ್ಟಿಗೆಯಲ್ಲಿದ್ದ ಹಸುಗಳ ಹೆಸರನ್ನು ವರಸೆಯಾಗಿ ಹೇಳಬಲ್ಲರು. ಗಂಡ ಬರೆದುದರಲ್ಲಿ ಎಲ್ಲಿಯಾದರೂ ತಪ್ಪಿದ್ದರೆ, "ಅದು ಹಾಗಲ್ಲ, ಅಪ್ಪೀ" ಎಂದು ತಡೆದು ತಿದ್ದುವುದೂ ಉಂಟು.

ಈ ಬರವಣಿಗೆಗೆ ಗೃಹಸ್ಥರು ಬಳಸುವುದು ಇಮ್ಯಾಕ್ಸ್ ಎಂಬ ಎಡಿಟರನ್ನು. ಎಡಿಟರ್ ಎಂದರೆ ಪತ್ರಿಕೆಯ ಸಂಪಾದಕರಲ್ಲ. ಬರಿಯ ಅಕ್ಷರಗಳನ್ನು ಬರೆಯಲು, ತಿದ್ದಲು, ಉಳಿಸಲು ಇರುವ ತಂತ್ರಾಂಶ. ೧೯೭೬ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಹೆಸರು ಅದು. ರಿಚರ್ಡ್ ಸ್ಟಾಲ್ಮನ್ ಅವರು ಅದನ್ನು ಹೊಸದಾಗಿ ಬರೆದು ೧೯೮೫ರಲ್ಲಿ ಎಲ್ಲರ ಕೈಗೂ ಸಿಗುವಂತೆ ಮಾಡಿದರು. ಕನ್ನಡವನ್ನು ಬರೆಯುವ ಏರ್ಪಾಡು ಕೂಡ ಅದರಲ್ಲಿದೆ. ಲೋಕದ ಹತ್ತಾರು ಭಾಷೆಗಳ ವಂದನೆಗಳನ್ನು ಒಟ್ಟುಗೂಡಿಸಿದ ಒಂದು ಪುಟವನ್ನು ಆ ತಂತ್ರಾಂಶದೊಡನೆ ಕೊಡುತ್ತಾರೆ. ಅದರಲ್ಲಿ 'ನಮಸ್ಕಾರ' ಎಂಬ ಕನ್ನಡ ಸಾಲು ಇರುವುದನ್ನು ಮೊದಲ ಸಲ ಕಂಡ ದಿನ ಗೃಹಸ್ಥರು ಅದನ್ನು ಮನೆಯವರನ್ನೆಲ್ಲ ಕರೆದು ತೋರಿಸಿದ್ದರು.

ಆ ಎಡಿಟರಿನಲ್ಲಿ ಒಂದು ಅನುಕೂಲವಿದೆ. ತೆರೆದ ಪ್ರತಿಯೊಂದು ಕಡತದ ಹೆಸರನ್ನೂ ಅದು ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಇತ್ತೀಚಿನದು ಮೇಲೆ, ಹಳೆಯದು ಕೆಳಗೆ. ಹೊಸ ಹೆಸರು ಬಂದು ಮೇಲೆ ಕುಳಿತರೆ ಕೊನೆಯ ಹೆಸರು ಉದುರಿಹೋಗುತ್ತದೆ. ೨೦೦೧ರಲ್ಲಿ ಹೊರಬಂದ ೨೧ನೆಯ ಆವೃತ್ತಿಯಲ್ಲಿ ಈ ಸೌಕರ್ಯ ಸೇರಿತು. ಬೇಕೆಂದವರು ತಾವಾಗಿ ಅದನ್ನು ಚಾಲನೆಗೊಳಿಸಬೇಕು; ಬೇರೆ ಸಂಖ್ಯೆ ಹೇಳದಿದ್ದರೆ ಬಹುಕಾಲ ಅದು ನೆನಪಿಡುತ್ತಿದ್ದುದು ೨೦ ಹೆಸರುಗಳನ್ನು. ಗೃಹಸ್ಥರು ಚಾಲನೆಗೊಳಿಸಿದ್ದರು, ಸಂಖ್ಯೆಯನ್ನು ಮುಟ್ಟಿರಲಿಲ್ಲ. ರಾತ್ರಿ ಕುಳಿತೊಡನೆ ಪಟ್ಟಿಯನ್ನು ತೆರೆಯುವುದು, 'ಅಪ್ಪಯ್ಯ' ಎಂದು ಆರಂಭವಾಗುವ ಹೆಸರನ್ನು ಒತ್ತುವುದು, ನಿನ್ನೆ ನಿಲ್ಲಿಸಿದ ಸಾಲಿನಿಂದ ಮುಂದುವರಿಸುವುದು — ಇಷ್ಟೇ ಅವರ ಕ್ರಮ. ಕಡತ ಯಾವ ಕೋಶದಲ್ಲಿದೆ ಎಂದು ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ. ಪಟ್ಟಿ ಇರುವಾಗ ಯೋಚನೆ ಏಕೆ?

ಮಳೆಗಾಲದ ಒಂದು ಭಾನುವಾರ ಸಂಜೆ ತಾಯಿ ಕೇಳಿದರು: "ಅಪ್ಪೀ, ಮದುವೆಯ ಅಧ್ಯಾಯ ಇನ್ನೂ ಬರಲಿಲ್ಲವೇನೋ? ಓದುತ್ತೇನೆ ಅಂದಿದ್ದೆಯಲ್ಲ."

ಗೃಹಸ್ಥರು ಬೆಚ್ಚಿದರು. ನೋಟುಪುಸ್ತಕವನ್ನು ತೆಗೆದು ನೋಡಿದರೆ, ಗುರುತಿಗಾಗಿ ಇಟ್ಟಿದ್ದ ಬಸ್ಸಿನ ಚೀಟಿ ಹನ್ನೊಂದು ವಾರಗಳ ಹಿಂದಿನ ಪುಟದಲ್ಲಿಯೇ ಇತ್ತು. ಕಚೇರಿಯ ಕೆಲಸ ಹೆಚ್ಚಾಗಿದ್ದುದು ನಿಜ. ಆದರೆ ಹನ್ನೊಂದು ವಾರ ಒಂದು ರಾತ್ರಿಯೂ ಕೂರಲಿಲ್ಲವೇ? ಕುಳಿತಿದ್ದರು. ಪ್ರತಿ ರಾತ್ರಿಯೂ ಪಟ್ಟಿಯನ್ನು ತೆರೆದಿದ್ದರು. ಅಲ್ಲಿ ಕಂಡ ಹೆಸರನ್ನು ಒತ್ತಿ ಮತ್ತೆ ಕಚೇರಿಯ ಕೆಲಸಕ್ಕೇ ಇಳಿದಿದ್ದರು. 'ಅಪ್ಪಯ್ಯ' ಎಂಬ ಹೆಸರು ಪಟ್ಟಿಯಿಂದ ಯಾವಾಗ ಉದುರಿತೋ ಅವರಿಗೆ ತಿಳಿಯಲೇ ಇಲ್ಲ. ಪಟ್ಟಿಯಿಂದ ಉದುರಿದ್ದು ಮನಸ್ಸಿನಿಂದಲೂ ಉದುರಿತ್ತು.

ಕಡತವೇನೂ ಕಳೆದಿರಲಿಲ್ಲ, ಹುಡುಕಿದರೆ ಎರಡು ನಿಮಿಷದಲ್ಲಿ ಸಿಕ್ಕಿತು. ಕಳೆದದ್ದು ಹನ್ನೊಂದು ವಾರ. ಎಂಬತ್ತೆರಡು ವರ್ಷದ ತಾಯಿಯ ನೆನಪು ದಿನೇ ದಿನೇ ಮಸುಕಾಗುತ್ತಿರುವ ಮನೆಯಲ್ಲಿ ಹನ್ನೊಂದು ವಾರ ಎಂದರೆ ಸಣ್ಣ ಮೊತ್ತವಲ್ಲ.

ಆ ರಾತ್ರಿ ಗೃಹಸ್ಥರು ಪಟ್ಟಿಯಲ್ಲಿದ್ದ ಇಪ್ಪತ್ತು ಹೆಸರುಗಳನ್ನು ಒಂದೊಂದಾಗಿ ಓದಿದರು. ಹದಿಮೂರು ಹೆಸರುಗಳು ಒಂದೇ ಬಗೆಯವು. ತಂತ್ರಾಂಶ ಬರೆಯುವವರು ತಮ್ಮ ಬದಲಾವಣೆಗಳ ಲೆಕ್ಕವನ್ನಿಡಲು ಗಿಟ್ ಎಂಬ ಸಾಧನವನ್ನು ಬಳಸುತ್ತಾರೆ. ಲಿನಸ್ ಟೋರ್ವಾಲ್ಡ್ಸ್ ಅವರು ೨೦೦೫ರಲ್ಲಿ ಅದನ್ನು ಆರಂಭಿಸಿದರು. ಒಂದು ಬದಲಾವಣೆಯನ್ನು ದಾಖಲು ಮಾಡುವಾಗ, "ಏಕೆ ಬದಲಾಯಿಸಿದೆ?" ಎಂಬುದಕ್ಕೆ ಒಂದೆರಡು ಸಾಲಿನ ಟಿಪ್ಪಣಿ ಬರೆಯಬೇಕು. ಅದಕ್ಕಾಗಿ ಗಿಟ್ ತಾನೇ ಒಂದು ಸಣ್ಣ ಕಡತವನ್ನು ಎಡಿಟರಿನಲ್ಲಿ ತೆರೆಸುತ್ತದೆ. ಬರೆದು ಮುಚ್ಚಿದರೆ ಅದರ ಕೆಲಸ ಮುಗಿಯಿತು. ಒಂದು ಯೋಜನೆಯ ಟಿಪ್ಪಣಿಯನ್ನು ನೂರು ಸಲ ತೆರೆದರೂ ಪಟ್ಟಿಯಲ್ಲಿ ಅದಕ್ಕೆ ಒಂದೇ ಸಾಲು. ಆದರೆ ಗೃಹಸ್ಥರ ಕೈಯಲ್ಲಿ ಆಗ ಹದಿಮೂರು ಯೋಜನೆಗಳಿದ್ದವು. ಅವರಿಗೆ ಎಂದೂ ಬೇಕಾಗದ ಹದಿಮೂರು ಹೆಸರುಗಳು ಮೇಲಿನ ಆಸನಗಳನ್ನು ಹಿಡಿದು ಕುಳಿತಿದ್ದವು. ಉಳಿದ ಏಳರಲ್ಲಿ ನಾಲ್ಕು, ಯಂತ್ರಗಳು ತಮ್ಮ ದಿನಚರಿಯನ್ನು ತಾವೇ ಬರೆದುಕೊಳ್ಳುವ ಕಡತಗಳು. ಎರಡು, ವೇಳೆಗೆ ಸರಿಯಾಗಿ ಕೆಲಸ ನಡೆಸುವ ವೇಳಾಪಟ್ಟಿಯನ್ನು ತಿದ್ದಲು ತೆರೆದ ತಾತ್ಕಾಲಿಕ ಪ್ರತಿಗಳು; ಅವು ಆಗಲೇ ಅಳಿದುಹೋಗಿದ್ದವು. ಇನ್ನೊಂದು, ಯಾರೋ ಬರೆದ ತಂತ್ರಾಂಶದ ಒಂದು ಪುಟ. ಇಪ್ಪತ್ತರಲ್ಲಿ ಅವರು ತಾವಾಗಿ ಬಯಸಿ ತೆರೆದದ್ದು ಅದೊಂದೇ.

ಮೋಸ ಹೋದವನಿಗೆ ಮೊದಲು ತೋಚುವ ಉಪಾಯ ಅತಿರೇಕದ್ದೇ. ಇಪ್ಪತ್ತು ಸಾಲದೆಂದು ಗೃಹಸ್ಥರು ಸಂಖ್ಯೆಯನ್ನು ೨೦೦೦ಕ್ಕೆ ಏರಿಸಿದರು. ಇನ್ನು ಮುಂದೆ ಯಾವುದೂ ಉದುರಬಾರದು, ಎಲ್ಲವೂ ನೆನಪಿರಲಿ. ಕೆಲವು ತಿಂಗಳು ಎಲ್ಲವೂ ನೆನಪಿದ್ದವು. ತಂದೆಯ ಕಡತ ಎಲ್ಲೋ ನೂರಾ ಹನ್ನೆರಡನೆಯ ಸಾಲಿನಲ್ಲಿ, ಇದ್ದೂ ಇಲ್ಲದಂತೆ ಇತ್ತು. ಜಾತ್ರೆಯಲ್ಲಿ ಕೈತಪ್ಪಿದ ಮಗು ಜಾತ್ರೆಯಲ್ಲಿಯೇ ಇರುತ್ತದೆ. ಅದರಿಂದ ತಾಯಿಗೆ ಸಮಾಧಾನವೇನು?

ಅಷ್ಟರಲ್ಲಿ ಎರಡನೆಯ ಸಂಗತಿ ನಡೆಯಿತು. ಮಗಳಿಗೆ ಒಂದು ಅರ್ಜಿ ಬರೆಯಬೇಕಿತ್ತು. ಹಿಂದಿನ ವರ್ಷ ಅಪ್ಪನೇ ತಿದ್ದಿಕೊಟ್ಟಿದ್ದ ಪ್ರತಿಯನ್ನು ಹುಡುಕಲು ಆ ಪಟ್ಟಿಯನ್ನು ತೆರೆದಳು. ಮೇಲಿನ ಹತ್ತು ಹೆಸರುಗಳ ನಡುವೆ 'ಮನೆ-ಮಾರಾಟ-ಕರಡು' ಎಂಬುದು ಕಂಡಿತು. ಹುಡುಗಿ ಅದನ್ನು ಒತ್ತಿ ನೋಡಲಿಲ್ಲ. ನೋಡಿದ್ದರೆ ಒಳಿತಾಗುತ್ತಿತ್ತೋ ಏನೋ. ನೇರವಾಗಿ ಅಡುಗೆಮನೆಗೆ ಹೋದಳು.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ರಾತ್ರಿ ಊಟಕ್ಕೆ ಬಡಿಸುತ್ತ ಮನೆಯಾಕೆ ಹೇಳಿದರು: "ಏನೂಂದ್ರೆ, ಮನೆ ಮಾರುವ ವಿಷಯವನ್ನು ನಾವು ಕಂಪ್ಯೂಟರಿನಿಂದ ತಿಳಿದುಕೊಳ್ಳಬೇಕಾಗಿತ್ತೆ?"

ಗೃಹಸ್ಥರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈತುತ್ತು ಕೈಯಲ್ಲಿಯೇ ಉಳಿಯಿತು. ಎರಡು ವರ್ಷಗಳ ಹಿಂದೆ ತಮ್ಮನ ವ್ಯಾಪಾರ ಕೈಕೊಟ್ಟಾಗ, ಬೇರೆ ದಾರಿ ಕಾಣದೆ ಅರ್ಧ ಪುಟ ಬರೆದು ಬಿಟ್ಟಿದ್ದ ಕರಡು ಅದು. ತಮ್ಮನ ತೊಂದರೆ ಬೇರೆ ರೀತಿಯಿಂದ ಪರಿಹಾರವಾಗಿತ್ತು. ಹಳೆಯ ಕೋಶಗಳನ್ನು ಅಡಕಗೊಳಿಸುವಾಗ ಮೊನ್ನೆ ಅದೇನೆಂದು ನೋಡಲು ಒಂದು ಕ್ಷಣ ತೆರೆದು ಮುಚ್ಚಿದ್ದರು. ಪಟ್ಟಿಗೆ ಅಷ್ಟೇ ಸಾಕಾಯಿತು. ತೆರೆದದ್ದನ್ನು ಅದು ಬರೆದುಕೊಳ್ಳುತ್ತದೆಯೇ ವಿನಾ, ಓದಿದರೋ ಬರೆದರೋ ನಿಟ್ಟುಸಿರುಬಿಟ್ಟು ಮುಚ್ಚಿದರೋ ಅದಕ್ಕೆ ತಿಳಿಯದು. ತೆರೆದ ದಿನಾಂಕವನ್ನೂ ಅದು ಇಡುವುದಿಲ್ಲ. ಹೆಸರು ಮತ್ತು ಸರದಿ, ಇಷ್ಟೇ. ಎರಡು ವರ್ಷದ ಹಳೆಯ ಸಂಕಟ ಇಂದಿನ ಸಂಚಿನಂತೆ ಮಗಳ ಕಣ್ಣಿಗೆ ಬಿದ್ದಿತ್ತು.

ವಿವರಿಸಿದ ಮೇಲೆ ಹೆಂಡತಿ ನಂಬಿದರು, ಮಗಳೂ ನಂಬಿದಳು. "ಹೇಳಬಹುದಿತ್ತಲ್ಲ, ಅಪ್ಪ" ಎಂದಷ್ಟೇ ಅಂದಳು. ಆದರೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ವೃದ್ಧೆಯ ಕಿವಿಗೆ ಅರ್ಧ ಮಾತು ಬಿದ್ದಿತ್ತು. ಮರುದಿನ ಬೆಳಿಗ್ಗೆ ಅವರು ಕೇಳಿದರು: "ಹೊಸ ಮನೆಯಲ್ಲಿ ನನ್ನ ಕೋಣೆ ಯಾವುದು, ಅಪ್ಪೀ?" ಮನೆ ಮಾರುವುದಿಲ್ಲವೆಂದು ಮಗ ಹೇಳಿದ. ಸರಿ ಎಂದರು. ಮಧ್ಯಾಹ್ನ ಮತ್ತೆ ಕೇಳಿದರು. ತಿಂಡಿ ಮರೆಯುವ, ಔಷಧಿ ಮರೆಯುವ ಆ ಮನಸ್ಸು ಇದೊಂದನ್ನು ಮಾತ್ರ ಬಿಡದೆ ಹಿಡಿಯಿತು. ಏನನ್ನು ಹಿಡಿಯಬೇಕು, ಏನನ್ನು ಬಿಡಬೇಕು ಎಂಬ ನಿಯಮವನ್ನು ಅಲ್ಲಿ ಬರೆಯುವವರಿಲ್ಲ.

ಯಂತ್ರದಲ್ಲಾದರೋ ಬರೆಯಬಹುದು. ಮುಂದಿನ ಭಾನುವಾರ ಗೃಹಸ್ಥರು ಕಾಗದ ಪೆನ್ನು ಹಿಡಿದು ಕುಳಿತರು. ಅವರೆಕಾಯಿಯ ಕಾಲ, ಎದುರಿಗೆ ಹೆಂಡತಿ ಮೊರ ತುಂಬ ನೆನೆದ ಕಾಳನ್ನಿಟ್ಟುಕೊಂಡು ಹಿತುಕುತ್ತಿದ್ದರು. ಯಾವ ಕಡತವನ್ನು ನೆನಪಿಡಬೇಕು, ಯಾವುದನ್ನು ಬಿಡಬೇಕು ಎಂದು ಗಂಡ ತಮ್ಮಷ್ಟಕ್ಕೆ ಗೊಣಗುತ್ತಿದ್ದುದನ್ನು ಕೇಳಿ, "ಹೆಚ್ಚು ಸಲ ತೆರೆದದ್ದನ್ನು ಇಟ್ಟುಕೊಂಡರಾಯಿತಲ್ಲ?" ಎಂದ ಮಗಳಿಗೆ ತಾಯಿಯೇ ಉತ್ತರ ಕೊಟ್ಟರು:

"ಹಾಲಿನವನು ದಿನಾ ಬರುತ್ತಾನೆ. ನಿನ್ನ ಸೋದರಮಾವ ವರ್ಷಕ್ಕೊಮ್ಮೆ ಬರುತ್ತಾರೆ. ಲಗ್ನಪತ್ರಿಕೆ ಕೊಡುವವರ ಪಟ್ಟಿ ಬರೆಯುವಾಗ ಯಾರ ಹೆಸರು ಮೊದಲು ಬರೆಯುತ್ತೀಯೆ?"

ಗೃಹಸ್ಥರು ಪೆನ್ನು ನಿಲ್ಲಿಸಿದರು. ಇಡೀ ಪ್ರಶ್ನೆಯ ಕೀಲಿ ಅಲ್ಲಿತ್ತು. ಎಷ್ಟು ಸಲ ತೆರೆಯಿತೆಂಬುದು ಲೆಕ್ಕಕ್ಕೆ ಬಾರದು. ಯಾರು ತೆರೆದರು ಎಂಬುದು ಲೆಕ್ಕ. ತಾನು ಹೋಗಿ ಕರೆತಂದದ್ದು ಒಂದು, ಕೆಲಸದ ನೆಪದಲ್ಲಿ ತಾನಾಗಿ ಬಾಗಿಲಿಗೆ ಬಂದದ್ದು ಇನ್ನೊಂದು. ಗಿಟ್‌ನ ಟಿಪ್ಪಣಿ, ವೇಳಾಪಟ್ಟಿಯ ತಾತ್ಕಾಲಿಕ ಪ್ರತಿ — ಇವನ್ನು ಬೇರೆ ತಂತ್ರಾಂಶ ತಂದು ಕೈಗಿತ್ತದ್ದು. ಅವುಗಳ ನೆನಪಿಗೆ ಬೇರೆ ಜಾಗವೂ ಇದೆ: ಟಿಪ್ಪಣಿಯ ಮಾತು ಗಿಟ್‌ನ ಲೆಕ್ಕದಲ್ಲಿ ಉಳಿದೇ ಇರುತ್ತದೆ. ಮೊದಲನೆಯ ನಿಯಮ ಹೀಗೆ ಕಾಗದಕ್ಕೆ ಇಳಿಯಿತು. ಅಂಥ ಹೆಸರುಗಳನ್ನು ಸೇರಿಸಬೇಡವೆಂದು ಹೇಳಲು ಆ ಎಡಿಟರಿನಲ್ಲಿ ಒಂದು ಹೊರಗಿಡುವ ಪಟ್ಟಿ ಇದೆ. ಯಾರೂ ಬರೆಯದಿದ್ದರೆ ಅದು ಬರಿದಾಗಿರುತ್ತದೆ. ಅಂದರೆ ಬಾಗಿಲು ಎಲ್ಲರಿಗೂ ತೆರೆದೇ ಇರುತ್ತದೆ.

ಈ ತೊಡಕು ಒಂದು ಎಡಿಟರಿಗೆ ಸೀಮಿತವಲ್ಲ. ತಂತ್ರಾಂಶ ಮಾಡುವವರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಮೈಕ್ರೋಸಾಫ್ಟ್ ವರ್ಡ್ ಬಹುಕಾಲ ತನ್ನ ಪಟ್ಟಿಯಲ್ಲಿ ನಾಲ್ಕೇ ಹೆಸರುಗಳನ್ನು ತೋರಿಸುತ್ತಿತ್ತು; ಬೇಕೆಂದರೆ ಒಂಬತ್ತರವರೆಗೆ ಏರಿಸಬಹುದಿತ್ತು. ೧೯೯೫ರ ವಿಂಡೋಸ್ ಹದಿನೈದು ದಸ್ತಾವೇಜುಗಳನ್ನು ನೆನಪಿಡುತ್ತಿತ್ತು. ಲಿನಕ್ಸಿನ ಗ್ನೋಮ್ ಎಂಬ ಏರ್ಪಾಡು ಸಂಖ್ಯೆಯ ಬದಲು ಅವಧಿಯನ್ನು ಕೇಳುತ್ತದೆ: ಒಂದು ದಿನ, ಏಳು ದಿನ, ಮೂವತ್ತು ದಿನ, ಅಥವಾ ಎಂದೆಂದಿಗೂ. ಬ್ರಾಮ್ ಮೂಲೆನಾರ್ ಅವರು ೧೯೯೧ರಲ್ಲಿ ಹೊರತಂದ ವಿಮ್ ಎಂಬ ಎಡಿಟರು ಬೇರೆ ಸೂಚನೆ ಇಲ್ಲದಿದ್ದರೆ ನೂರು ಕಡತಗಳ ಗುರುತುಗಳನ್ನು ಇಟ್ಟುಕೊಳ್ಳುತ್ತದೆ. ೨೦೨೩ರಲ್ಲಿ ತೀರಿಕೊಳ್ಳುವವರೆಗೂ ಮೂಲೆನಾರ್ ಅವರು ಅದನ್ನು ತಿದ್ದುತ್ತಲೇ ಇದ್ದರು.

ವಿಮ್‌ನಲ್ಲಿ ಒಂದು ಸೋಜಿಗದ ನಿಯಮವಿದೆ. ವಿಂಡೋಸ್ ಯಂತ್ರದಲ್ಲಿ 'ಎ' ಮತ್ತು 'ಬಿ' ಎಂಬ ಎರಡು ಡ್ರೈವ್‌ಗಳ ಕಡತಗಳನ್ನು ನೆನಪಿಡಬೇಡ ಎಂದು ಅದರ ಮೂಲ ಏರ್ಪಾಡಿನಲ್ಲೇ ಬರೆದಿದೆ. ಅವು ಫ್ಲಾಪಿ ತಟ್ಟೆಗಳನ್ನು ಹಾಕುತ್ತಿದ್ದ ಜಾಗ. ಇಂದು ಹಾಕಿ ನಾಳೆ ತೆಗೆದು ಚೀಲಕ್ಕೆ ಸೇರಿಸುವ ತಟ್ಟೆಯ ಮೇಲಿನ ಕಡತವನ್ನು ನೆನಪಿಟ್ಟು ಏನು ಪ್ರಯೋಜನ? ಫ್ಲಾಪಿಯ ಕಾಲ ಮುಗಿದಿದ್ದರೂ ಆ ವಿವೇಕ ಹಳೆಯದಾಗಿಲ್ಲ. ಕರೆದರೆ ಸಿಗದವರ ಹೆಸರನ್ನು ಪಟ್ಟಿಯಲ್ಲಿಟ್ಟು ಫಲವಿಲ್ಲ.

ಇದೇ ಪ್ರಶ್ನೆ ಗೃಹಸ್ಥರಿಗೆ ದೂರದ ಯಂತ್ರಗಳ ವಿಷಯದಲ್ಲಿ ಎದುರಾಯಿತು. ಕಚೇರಿಯ ಕೆಲಸಕ್ಕಾಗಿ ಅವರು ಬೇರೆ ಊರುಗಳಲ್ಲಿರುವ ಯಂತ್ರಗಳ ಕಡತಗಳನ್ನೂ ಮನೆಯಿಂದಲೇ ತೆರೆಯುತ್ತಾರೆ. ಪಟ್ಟಿಯನ್ನು ಶುಚಿಗೊಳಿಸುವಾಗ, ಅಳಿದುಹೋದ ಕಡತಗಳ ಹೆಸರನ್ನು ತೆಗೆಯಲು ಎಡಿಟರು ಪ್ರತಿಯೊಂದೂ ಇದೆಯೇ ಇಲ್ಲವೇ ಎಂದು ನೋಡಬೇಕು. ದೂರದ ಯಂತ್ರವನ್ನು ಹೀಗೆ ಕೇಳಲು ಹೊರಟರೆ ಅದು ಗುಪ್ತಪದ ಕೇಳುತ್ತದೆ, ಅಥವಾ ಉತ್ತರವನ್ನೇ ಕೊಡದೆ ಕಾಯಿಸುತ್ತದೆ. ಬೆಳಿಗ್ಗೆ ಎಡಿಟರ್ ತೆರೆದವನು ಪರಊರಿನ ಯಂತ್ರದ ಮರ್ಜಿ ಕಾಯುತ್ತ ಕೂರಬೇಕಾಗುತ್ತದೆ. ಆದುದರಿಂದ, ಸಂಪರ್ಕವಿಲ್ಲದಿದ್ದರೆ ವಿಚಾರಿಸದೆ ಹೆಸರನ್ನು ಹಾಗೆಯೇ ಇಟ್ಟುಕೊಳ್ಳುವುದು ವಾಡಿಕೆ. ದೂರದಲ್ಲಿರುವ ನೆಂಟರು ಪತ್ರ ಬರೆಯಲಿಲ್ಲವೆಂದು ಅವರನ್ನು ಇಲ್ಲವೆಂದು ಎಣಿಸಬಾರದಲ್ಲವೇ? ಎರಡನೆಯ ನಿಯಮ ಹೀಗೆ ನಿಂತಿತು.

ಮೂರನೆಯದು ಗುಟ್ಟಿನ ವಿಷಯ. ಮನೆಯ ಬ್ಯಾಂಕಿನ ವಿವರಗಳನ್ನು ಗೃಹಸ್ಥರು ಗೂಢಲಿಪಿಯಲ್ಲಿ ಬೀಗ ಹಾಕಿದ ಕಡತದಲ್ಲಿ ಇಟ್ಟಿದ್ದಾರೆ. ಒಳಗಿನ ಅಕ್ಷರ ಯಾರ ಕಣ್ಣಿಗೂ ಬೀಳದು. ಆದರೆ ಅದರ ಹೆಸರು, ಅದಿರುವ ಜಾಗ ಎರಡೂ ಪಟ್ಟಿಯಲ್ಲಿ ಬೀಗವಿಲ್ಲದೆ ಬಿದ್ದಿದ್ದವು. ಏಕೆಂದರೆ ಆ ಪಟ್ಟಿ ಒಂದು ಸಾದಾ ಕಡತವೇ. ತಿಜೋರಿಗೆ ಬೀಗ ಹಾಕಿ, ತಿಜೋರಿ ಎಲ್ಲಿದೆ ಎಂಬ ಚೀಟಿಯನ್ನು ಹೊಸಿಲಿಗೆ ಅಂಟಿಸಿದಂತಾಯಿತು. ವಿಮ್ ಬಳಸುವವರಿಗೆ ಎಚ್ಚರ ಇನ್ನೂ ಹೆಚ್ಚು ಬೇಕು. ಅದು ಹೆಸರುಗಳ ಜೊತೆಗೆ, ಹುಡುಕಿದ ಮಾತುಗಳನ್ನೂ, ಕತ್ತರಿಸಿ ಅಥವಾ ನಕಲು ಮಾಡಿ ಕೈಯಲ್ಲಿ ಹಿಡಿದಿದ್ದ ಬರಹವನ್ನೂ ಐವತ್ತು ಸಾಲಿನವರೆಗೆ ನೆನಪಿಡುತ್ತದೆ. ಗುಪ್ತಪದಗಳ ಕಡತವನ್ನು ತಿದ್ದುವವರು ಅಷ್ಟು ಹೊತ್ತು ಆ ನೆನಪನ್ನು ಪೂರ್ತಿ ಮುಚ್ಚಿ ಕೂರುವುದು ಇದರಿಂದಲೇ; ಅದಕ್ಕೆ ಬೇಕಾದ ಸೂಚನೆಯೂ ವಿಮ್‌ನಲ್ಲಿ ಇದೆ.

'ಮನೆ-ಮಾರಾಟ-ಕರಡು' ಎಂಬುದನ್ನೂ ಹೊರಗಿಡುವ ಪಟ್ಟಿಗೆ ಬರೆಯಲು ಹೊರಟ ಗೃಹಸ್ಥರು ಅರ್ಧಕ್ಕೆ ನಿಂತರು. ಮರೆಯಬೇಕಾದ ಹೆಸರನ್ನು ಮರೆಯಬೇಕಾದವುಗಳ ಪಟ್ಟಿಯಲ್ಲಿ ಬರೆದರೆ ಅದು ಅಲ್ಲಿ ಶಾಶ್ವತವಾಗಿ ಉಳಿಯಿತೆಂದೇ ಅರ್ಥ. ನಾಳೆ ಮಗಳು ಆ ಪಟ್ಟಿಯನ್ನು ಓದಿದರೆ? ಹೆಸರಿಗೆ ಬದಲಾಗಿ ಒಂದು ಕೋಶವನ್ನೇ ಹೊರಗಿಡುವುದು ಮೇಲು. ಒಳಗಿರುವುದು ಏನೆಂದು ನಿಯಮ ಹೇಳುವುದಿಲ್ಲ. ಹಾಗೆಂದು ಬರೆದ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. ಹೆಂಡತಿಯ ಕಡೆ ನೋಡಿದರು.

"ಆ ಕರಡನ್ನು ಎಲ್ಲಿಡಬೇಕೆಂದು ಯೋಚನೆಯೇ?" ಎಂದರು ಅವರು, ಕಾಳು ಹಿತುಕುತ್ತಲೇ. "ಅಂಥದ್ದನ್ನು ಬರೆಯುವ ಮೊದಲು ನನ್ನ ಹತ್ತಿರ ಹೇಳಿ. ಆಮೇಲೆ ಎಲ್ಲಿಟ್ಟರೂ ಒಂದೇ."

ಇದಕ್ಕೆ ಎಡಿಟರಿನಲ್ಲಿ ನಿಯಮವಿರಲಿಲ್ಲ. ಗೃಹಸ್ಥರು ಕರಡನ್ನು ಅಳಿಸಿದರು. ಮಗಳನ್ನು ಕರೆದು, ಆ ವರ್ಷ ಚಿಕ್ಕಪ್ಪನಿಗೆ ಒದಗಿದ ಕಷ್ಟವೇನು, ತಾವು ಹೆದರಿದ್ದೇಕೆ ಎಂಬುದನ್ನೆಲ್ಲ ಮೊದಲಿನಿಂದ ಹೇಳಿದರು. ಮಕ್ಕಳಿಗೆ ತಿಳಿಯಬಾರದೆಂದು ಎರಡು ವರ್ಷ ಮುಚ್ಚಿಟ್ಟಿದ್ದ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು.

ಇನ್ನು ಉಳಿದದ್ದು ಎರಡು ಪ್ರಶ್ನೆ. ತೆರೆದದ್ದನ್ನೆಲ್ಲ ನೆನಪಿಡಬೇಕೋ, ತಿದ್ದಿ ಉಳಿಸಿದ್ದನ್ನು ಮಾತ್ರವೋ? ಉಳಿಸಿದ್ದನ್ನು ಮಾತ್ರ ಎಂದರೆ ಆಕಸ್ಮಿಕವಾಗಿ ತೆರೆದವು ತಾವಾಗಿ ತಪ್ಪುತ್ತವೆ, ಪಟ್ಟಿ ಚೊಕ್ಕಟವಾಗುತ್ತದೆ. ಆದರೆ ಮನುಷ್ಯ ತಿದ್ದಲೆಂದೇ ಎಲ್ಲವನ್ನೂ ತೆರೆಯುವುದಿಲ್ಲ. ತಂದೆ ಬರೆದಿದ್ದ ಊರಿನ ಗದ್ದೆಗಳ ಹೆಸರಿನ ಪಟ್ಟಿಯೊಂದನ್ನು ಗೃಹಸ್ಥರು ಆಗಾಗ ತೆರೆದು ಸುಮ್ಮನೆ ಓದುತ್ತಾರೆ. ಅದರಲ್ಲಿ ತಿದ್ದುವುದೇನೂ ಇಲ್ಲ. ಮಾರಿಹೋದ ಗದ್ದೆಗಳು ಅವು. ಓದುವುದೂ ಒಂದು ಸಂಬಂಧವೇ. ತೆರೆದದ್ದು ಸೇರಲಿ, ಆದರೆ ತನ್ನ ಕೈಯಿಂದ ತೆರೆದದ್ದು ಮಾತ್ರ ಎಂದು ತೀರ್ಮಾನಿಸಿದರು.

ಎರಡನೆಯ ಪ್ರಶ್ನೆ ಸಂಖ್ಯೆಯದು. ಪತಂಜಲಿಯ ಯೋಗಸೂತ್ರ ಸ್ಮೃತಿಯನ್ನು ಚಿತ್ತದ ಐದು ವೃತ್ತಿಗಳಲ್ಲಿ ಒಂದೆಂದು ಎಣಿಸಿ, ತಡೆದು ನಿಲ್ಲಿಸಬೇಕಾದವುಗಳ ಸಾಲಿಗೇ ಸೇರಿಸಿದೆ. ಗೃಹಸ್ಥರು ಯೋಗಿಗಳಲ್ಲ, ಕಚೇರಿ ಇದೆ, ಸಂಸಾರವಿದೆ. ಪೂರ್ತಿ ತಡೆಯುವುದು ಸಾಧ್ಯವಿಲ್ಲ. ಎರಡು ಸಾವಿರ ಹೆಚ್ಚಾಯಿತೆಂಬುದು ಅನುಭವಕ್ಕೆ ಬಂದಿತ್ತು. ಒಮ್ಮೆ ಕಣ್ಣಾಡಿಸಿದರೆ ಪೂರ್ತಿ ಕಾಣುವಷ್ಟಿರಲಿ ಎಂದು ನಲವತ್ತಕ್ಕೆ ನಿಲ್ಲಿಸಿದರು. ಹೊರಗಿಡುವ ನಿಯಮಗಳನ್ನು ಬರೆದ ಮೇಲೆ ನೋಡಿದರೆ ಇಪ್ಪತ್ತೇ ಸಾಕಾಗುತ್ತಿತ್ತು. ಸಂಖ್ಯೆ ಎಂದೂ ಸಾಲದಾಗಿರಲಿಲ್ಲ. ಬೇಡದವರು ತುಂಬಿಕೊಂಡಿದ್ದರು, ಅಷ್ಟೇ.

ಕಡೆಯದಾಗಿ ಅವರು ತಂದೆಯ ಕಡತವನ್ನು ಆ ಪಟ್ಟಿಯ ಕೈಗೆ ಒಪ್ಪಿಸುವುದನ್ನೇ ಬಿಟ್ಟರು. ಇತ್ತೀಚಿನವುಗಳ ಪಟ್ಟಿ ಎಷ್ಟೇ ಜಾಣತನದ್ದಾದರೂ ಇತ್ತೀಚಿನದನ್ನೇ ಮೆರೆಸುತ್ತದೆ. ಅದರ ಧರ್ಮ ಅದು. ಬಿಡುವಿಲ್ಲದ ಮೂರು ವಾರ ಬಂದರೆ ಅತ್ಯಂತ ಪ್ರಿಯವಾದುದೂ ಅಲ್ಲಿ ಕೆಳಗೆ ಜಾರುತ್ತದೆ. ಇಮ್ಯಾಕ್ಸಿನಲ್ಲಿ ಬುಕ್‌ಮಾರ್ಕ್ ಎಂಬ ಬೇರೆ ಏರ್ಪಾಡೊಂದಿದೆ. ಪುಸ್ತಕದಲ್ಲಿ ನವಿಲುಗರಿ ಇಟ್ಟಂತೆ, ಇಂಥ ಕಡತ, ಇಂಥ ಸಾಲು ಎಂದು ಕೈಯಾರೆ ಗುರುತು ಮಾಡಿ ಹೆಸರು ಕೊಟ್ಟರೆ ಅದು ಉದುರುವುದಿಲ್ಲ. ಕೈಯಾರೆ ತೆಗೆಯುವವರೆಗೂ ಇರುತ್ತದೆ. ಇಷ್ಟು ವರ್ಷ ಅದು ಅಲ್ಲಿಯೇ ಇತ್ತು. ಪಟ್ಟಿ ತಾನಾಗಿ ನೆನಪಿಡುತ್ತದೆಂಬ ಸೋಮಾರಿತನದಿಂದ ಅವರು ಅದರ ಕಡೆ ನೋಡಿರಲಿಲ್ಲ. ಆ ರಾತ್ರಿ ಗುರುತು ಮಾಡಿದರು. ಹೆಸರು ಕೇಳಿದಾಗ 'ಅಪ್ಪಯ್ಯ' ಎಂದು ಬರೆದರು.

ಎರಡು ವಾರದ ಮೇಲೆ ಮದುವೆಯ ಅಧ್ಯಾಯ ಸಿದ್ಧವಾಯಿತು. ೧೯೬೨ರ ವೈಶಾಖ. ಭಾನುವಾರ ಸಂಜೆ ದೀಪ ಹಚ್ಚಿದ ಮೇಲೆ ಮಗ ಓದಿದರು. ಹೆಂಡತಿ, ಮಗಳು ಕೂಡ ಬಂದು ಕುಳಿತರು. ಮೂರು ನೂರು ಎಲೆ ಹಾಕಿದ್ದೆಂದೂ ಯಾವುದಕ್ಕೂ ಕೊರತೆಯಾಗಲಿಲ್ಲವೆಂದೂ ತಂದೆ ಬರೆದಿದ್ದರು.

"ಅದು ಹಾಗಲ್ಲ, ಅಪ್ಪೀ" ಎಂದರು ತಾಯಿ. "ಎಲೆ ಸಾಲದೆ ಹೋಯಿತು. ನಮ್ಮ ಅಣ್ಣ ಕತ್ತಿ ಹಿಡಿದು ಪಕ್ಕದವರ ತೋಟಕ್ಕೆ ಹೋದ. ನಿಮ್ಮ ಅಪ್ಪಯ್ಯನಿಗೆ ಯಾರೂ ಹೇಳಲಿಲ್ಲ. ಮದುಮಗನಿಗೆ ಹೇಳುವ ಮಾತೇ ಅದು?"

ಗೃಹಸ್ಥರು ಅಡಿಯಲ್ಲಿ ಒಂದು ಸಾಲು ಸೇರಿಸಿದರು: ಎಲೆ ಸಾಲದೆ ಹೋಯಿತೆಂದು ಅಮ್ಮ ಹೇಳುತ್ತಾರೆ.

ಮರುದಿನ ಸಂಜೆ ತಾಯಿ ಕೇಳಿದರು: "ಮದುವೆಯ ಅಧ್ಯಾಯ ಬಂತೇನೋ?" ನಿನ್ನೆ ಓದಿದ್ದು ಅವರ ನೆನಪಿನಲ್ಲಿರಲಿಲ್ಲ. ಮಗ ಮತ್ತೆ ಓದಿದರು. ಈ ಸಲ ಎಲೆಯ ಮಾತು ಬರಲಿಲ್ಲ. ದಿಬ್ಬಣದ ದಿನ ಬಸ್ಸು ಕೆಟ್ಟು ಆಗುಂಬೆಯ ರಸ್ತೆಯಲ್ಲಿ ಎರಡು ಗಂಟೆ ನಿಂತ ಸಂಗತಿ ಬಂತು. ನೋಟುಪುಸ್ತಕದಲ್ಲಿ ಅದೂ ಇರಲಿಲ್ಲ. ಅದನ್ನೂ ಬರೆದುಕೊಂಡರು. ಮೂರನೆಯ ಸಂಜೆಯೂ ಅದೇ ಅಧ್ಯಾಯ, ನಾಲ್ಕನೆಯ ಸಂಜೆಯೂ ಅದೇ. ಒಂದೊಂದು ಸಲಕ್ಕೆ ಒಂದೊಂದು ಸಾಲು ಬೆಳೆಯಿತು. ಹೊಸ ಮನೆಯಲ್ಲಿ ತಮ್ಮ ಕೋಣೆ ಯಾವುದೆಂದು ತಾಯಿ ಕೇಳುವುದು ಆ ವಾರದಲ್ಲಿ ಯಾವಾಗಲೋ ನಿಂತಿತ್ತು. ಯಾವ ದಿನ ನಿಂತಿತೆಂದು ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ.